ಎರಡು ಲೀಟರ್ ಎಣ್ಣೆಗೆ ಕೊಟ್ಟ ಮುಖ

ತುಮಿನಿಗೆ ಒಂದು ವಿದ್ಯೆ ಗೊತ್ತಿತ್ತು. ಅರ್ಧ ಗಂಟೆಯಲ್ಲಿ ಮುನ್ನೂರು ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಮೈಕು ಬೇಡ, ಕೂಗಾಟ ಬೇಡ. ಜಕಾರ್ತಾ ಪಕ್ಕದ ತಾಂಗೆರಾಂಗಿನ ಶೂ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಅಟ್ಟೆಗೆ ಅಂಟು ಹಚ್ಚಿದವಳು. ನಮ್ಮ ಯೂನಿಯನ್ ಮಾಡಿದ ನಾಲ್ಕು ಮುಷ್ಕರಗಳಲ್ಲಿ ಗೇಟಿನ ಮುಂದೆ ಜನ ಚದುರದಂತೆ ಹಿಡಿದಿಟ್ಟದ್ದು ನನ್ನ ಭಾಷಣವಲ್ಲ, ಅವಳ ಕಣ್ಣು. ಅದೇ ವಿದ್ಯೆ ಅವಳ ಮನೆಯನ್ನು ತಿಂದಿತು.

ಮನೆ ಅಂದರೆ ಇನ್ನೂ ಕಟ್ಟಿ ಮುಗಿಯದ ಮನೆ. ಗಂಡ ಕಲಿಮಂತಾನ್ ದ್ವೀಪದ ತಾಳೆ ತೋಟಕ್ಕೆ ದುಡಿಯಲು ಹೋಗಿ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ತುಮಿನಿ ಕಾರ್ಖಾನೆಯ ಹಿಂದಿನ ಸಾಲುಕೋಣೆಗಳಲ್ಲೊಂದರಲ್ಲಿ ಬಾಡಿಗೆಗಿದ್ದಳು. ಹನ್ನೆರಡು ಕೋಣೆಗೆ ಒಂದು ಪಂಪು, ಎರಡು ಕಕ್ಕಸು. ರೈಲಿನಲ್ಲಿ ಹೋಗುವಷ್ಟು ದೂರದ ಮಾಜಾ ಊರಿನಲ್ಲಿ ಸರ್ಕಾರದ ರಿಯಾಯಿತಿಯ ಮನೆಗೆ ಅರ್ಜಿ ಹಾಕಿ ಮುಂಗಡ ಕಟ್ಟಿದಾಗ ಅವಳಿಗೆ ನಲವತ್ತಾರು. ಐವತ್ತಾರಕ್ಕೆ ಕಾರ್ಖಾನೆ ಮನೆಗೆ ಕಳಿಸುತ್ತದೆ. ಹತ್ತು ವರ್ಷದ ಕಂತಾದರೆ ಅವಳ ಸಂಬಳಕ್ಕೆ ಹೊಂದುತ್ತಿತ್ತು, ಒಂಬತ್ತಾದರೆ ಇಲ್ಲ. ಅಂದರೆ ಆ ವರ್ಷ ತಪ್ಪಿದರೆ ಜೀವಮಾನಕ್ಕೇ ತಪ್ಪಿದ ಹಾಗೆ.

ಆ ವರ್ಷವೇ ರಂಜಾನ್ ಉಪವಾಸದ ತಿಂಗಳಿಗೆ ಮುಂಚೆ ಅಂಗಡಿಗಳಿಂದ ಅಡುಗೆ ಎಣ್ಣೆ ಮಾಯವಾಯಿತು. ತಾಳೆ ಎಣ್ಣೆಯಲ್ಲಿ ಮುಳುಗಿರುವ ದೇಶದಲ್ಲಿ ಒಂದು ಪೊಟ್ಟಣಕ್ಕೆ ಹೆಂಗಸರು ಬಿಸಿಲಲ್ಲಿ ಬೆವತರು. ಆಗ ಬಂದವನು ಗಿಲಾಂಗ್ ಎಂಬ ಹುಡುಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ತೂಗುವ ಕಾರ್ಡು, ಗಾಡಿಯ ತುಂಬ ಎಣ್ಣೆಯ ಡಬ್ಬಿ. ನೇರ ತುಮಿನಿಯ ಬಾಗಿಲಿಗೇ ಬಂದು, ಅಮ್ಮ ಎನ್ನುವ ಹಾಗೆ 'ಬು' ಎಂದು ಕರೆದ.

"ಬು ತುಮಿನಿ, ಇಲ್ಲಿ ನಿಮ್ಮ ಮಾತೇ ನಡೆಯೋದು ಅಂದ್ರು."

"ಯಾವ ಪಕ್ಷದೋನಪ್ಪಾ ನೀನು?"

"ಪಕ್ಷ ಇಲ್ಲ ಬು. ಸಮಾಜಸೇವೆ. ತಲೆಗೆ ಎರಡು ಲೀಟರ್."

"ಬದಲಿಗೆ ಏನು ಕಿತ್ಕೋತೀಯ?"

"ಏನಿಲ್ಲ. ಗುರುತಿನ ಚೀಟಿ ಹಿಡ್ಕೊಂಡು ಒಂದು ಫೋಟೋ. ಮೇಲಿನೋರಿಗೆ ಲೆಕ್ಕ ಒಪ್ಪಿಸ್ಬೇಕಲ್ಲ."

ಇದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನಮ್ಮಲ್ಲಿ ಫೋಟೋ ಇಲ್ಲದೆ ಹಿಡಿ ಅಕ್ಕಿಯನ್ನೂ ಯಾರೂ ದಾನ ಮಾಡಿದ್ದಿಲ್ಲ. ನೆರೆ ಬಂದಾಗ ಕೊಟ್ಟ ನೂಡಲ್ಸಿಗೂ ಫೋಟೋ, ಸೋಂಕಿನ ವರ್ಷದ ಅಕ್ಕಿಗೂ ಫೋಟೋ. ಬಡವರ ಮುಖ ಯಾರ ಯಾರ ಫೋನಿನಲ್ಲಿ ಬಿದ್ದಿದೆಯೋ ಕೇಳಿದವರಿಲ್ಲ. ನಾವು ಯೂನಿಯನ್ನಿನವರೂ ಸಾಚಾ ಅಲ್ಲ. ಪ್ರತಿ ಮನವಿಗೂ ಚೀಟಿಯ ಜೆರಾಕ್ಸ್ ಕೇಳಿ, ಮನವಿ ಬಿದ್ದುಹೋದ ಮೇಲೆ ಆ ಕಟ್ಟನ್ನು ರದ್ದಿಗೆ ಹಾಕುತ್ತಿದ್ದೆವು. ರಸ್ತೆಬದಿಯಲ್ಲಿ ಕರಿದ ಬಾಳೆಹಣ್ಣು ಕೊಂಡರೆ ಸುತ್ತಿದ ಕಾಗದದಲ್ಲಿ ಯಾರದೋ ಹೆಸರು, ಹುಟ್ಟಿದ ದಿನ, ಮುಖ ಎಲ್ಲ ಜಿಡ್ಡಾಗಿ ಕೈಗೆ ಬರುತ್ತಿದ್ದವು. ಅದನ್ನು ನೋಡಿ ನಗುತ್ತಿದ್ದೆವು.

ಮೂವತ್ತೊಂದು ಹೆಂಗಸರು ಸಾಲು ನಿಂತರು. ಮೊದಲು ತುಮಿನಿಯೇ ನಿಂತು ತೋರಿಸಿದಳು. ಫೋನಿನ ಮುಂದೆ ಕಣ್ಣು ಮಿಟುಕಿಸಬೇಕು, ಮುಖ ಎಡಕ್ಕೆ, ಬಲಕ್ಕೆ. ಆಮೇಲೆ ಅವರವರ ಫೋನಿಗೆ ಆರು ಅಂಕಿ ಬರುತ್ತದೆ, ಅದನ್ನು ಗಿಲಾಂಗ್‌ಗೆ ಓದಿ ಹೇಳಬೇಕು. ಎರಡನೇ ಕೋಣೆಯ ಕೊಕೊಮ್, ಸಂಜೆ ಬಜ್ಜಿ ಕರಿದು ಮಾರುವವಳು, ಓದಲು ಹೋಗಿ ತಡೆದಳು.

"ಬು ತುಮಿನಿ, ಇದನ್ನ ಯಾರಿಗೂ ಹೇಳ್ಬೇಡಿ ಅಂತ ಬರ್ದಿದೆ. ಹೇಳೋದಾ?"

"ಹೇಳು ಹೇಳು, ಹಿಂದೆ ಜನ ನಿಂತವ್ರೆ. ನಿನ್ನ ಮನೇಲಿ ಕದಿಯೋಕೆ ಏನಿದೆ, ಸುಟ್ಟ ಬಾಣಲೆ ಬಿಟ್ರೆ?"

ಸಾಲೆಲ್ಲ ನಕ್ಕಿತು. ಕೊಕೊಮ್ ಹೇಳಿಬಿಟ್ಟಳು. ಅವಳ ಹಿಂದಿನವರು ಕೇಳಲೂ ಇಲ್ಲ.

ನಾಲ್ಕು ತಿಂಗಳ ಮೇಲೆ ಮನೆಸಾಲದ ಬ್ಯಾಂಕಿನಲ್ಲಿ ಗುಮಾಸ್ತೆ ಕಂಪ್ಯೂಟರನ್ನು ತುಮಿನಿಯ ಕಡೆ ತಿರುಗಿಸಿದಳು.

"ಬೇರೆ ಬ್ಯಾಂಕಲ್ಲಿ ನಿಮ್ಮ ಕ್ರೆಡಿಟ್ ಕಾರ್ಡ್ ಬಾಕಿ ಇದೆ ಬು. ಎಂಬತ್ತೇಳು ಲಕ್ಷ ರುಪಿಯಾ."

ಅದು ಅವಳ ಎರಡು ತಿಂಗಳ ಸಂಬಳ, ಕೂಡಿಟ್ಟದ್ದೆಲ್ಲ ಮುಂಗಡಕ್ಕೇ ಹೋಗಿತ್ತು. "ಕಾರ್ಡು ಹೆಂಗಿರುತ್ತೆ ಅಂತಾನೇ ನಾನು ಕಂಡಿಲ್ಲ."

"ಕಾಣೋ ಕಾರ್ಡಲ್ಲ, ಫೋನೊಳಗೇ ಇರೋದು. ಎರಡು ಹೊಸ ಮೊಬೈಲ್ ತಗೊಂಡಿದ್ದೀರಿ ಅಂತ ತೋರಿಸ್ತಿದೆ."

ತುಮಿನಿ ಗಾಜು ಬಿರುಕುಬಿಟ್ಟ ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಗುಮಾಸ್ತೆ ಅದನ್ನು ನೋಡಿದಳು, ಕಂಪ್ಯೂಟರನ್ನೂ ನೋಡಿದಳು. ನಂಬಿದ್ದು ಕಂಪ್ಯೂಟರನ್ನು. ಡಿಸೆಂಬರ್ ಕೊನೆಯೊಳಗೆ ಹೆಸರು ಚೊಕ್ಕವಾಗದಿದ್ದರೆ ಮನೆ ಬೇರೆಯವರಿಗೆ ಹೋಗುತ್ತದೆ ಎಂದಳು.

ಗಿಲಾಂಗ್‌ನ ನಂಬರು ಸತ್ತಿತ್ತು. ತನ್ನದನ್ನು ಮಾತ್ರ ನೋಡಿಕೊಂಡು ಸುಮ್ಮನಿರಬಹುದಿತ್ತು. ಅವಳು ಮೂವತ್ತು ಬಾಗಿಲು ತಟ್ಟಿ, ನಿಮ್ಮ ಹೆಸರಲ್ಲೂ ಸಾಲ ಎದ್ದಿರಬಹುದು ಎಂದು ಹೇಳಿದಳು. ಹೋಗಿ ನೋಡಿದರೆ ಎಲ್ಲರ ಹೆಸರಲ್ಲೂ ಎದ್ದಿತ್ತು.

ಕೊಕೊಮ್ ಪಂಪಿನ ಹತ್ತಿರ ನಾಲ್ಕು ಜನರೆದುರು ಕೇಳಿದಳು, "ನಮಗೆ ಎರಡೆರಡು ಲೀಟರ್. ನಿಮ್ಮ ಪಾಲಿಗೆ ಎಷ್ಟು ಬಂತು ಬು?"

"ನಾಲ್ಕು."

"ಹಂಗೆ ಹೇಳಿ ಮತ್ತೆ. ನಮ್ಮನ್ನ ಮಾರಿದ್ದಕ್ಕೆ ಎರಡು ಲೀಟರ್ ಕಮಿಷನ್."

ಸುಳ್ಳು ಹೇಳಬಹುದಿತ್ತಲ್ಲ ಎಂದು ನಾನು ಆಮೇಲೆ ಬೈದೆ. "ನಾಲ್ಕು ಬಂದಿದ್ದು ನಿಜ ತಾನೇ ಬಂಗ್," ಅಂದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಅಣ್ಣ ಎಂಬಂತೆ ಹಾಗೇ ಕರೆಯುತ್ತಿದ್ದಳು.

ಪೊಲೀಸರು ದೂರು ಬರೆದುಕೊಂಡರು. ಅವಳ ಹೆಸರಿನ ಪಕ್ಕ 'ಜನ ಸೇರಿಸಿದವಳು' ಎಂದು ಸೇರಿಸಿದರು. ಆ ದೂರಿನ ಪ್ರತಿ ಹಿಡಿದು ನಾವಿಬ್ಬರೂ ಜಕಾರ್ತಾಕ್ಕೆ, ಆ ಕಾರ್ಡಿನ ಬ್ಯಾಂಕಿಗೆ ಹೋದೆವು. ಹದಿನಾಲ್ಕನೇ ಮಹಡಿ. ಹೆಂದ್ರೊ ಎಂಬ ಅಧಿಕಾರಿ ಬಹಳ ಮರ್ಯಾದಸ್ಥ, ಸಿಹಿ ಟೀ ತರಿಸಿದ. ಎಲ್ಲ ಕೇಳಿಸಿಕೊಂಡು, ಮೊದಲೇ ಅಚ್ಚಾಗಿದ್ದ ಒಂದು ಹಾಳೆ ಮುಂದಿಟ್ಟ. ಉಳಿದ ಮೂವತ್ತು ಮಂದಿ ಎಣ್ಣೆಯ ಆಸೆಗೆ ತಿಳಿದೂ ತಿಳಿದೂ ತಮ್ಮ ಮುಖ, ಅಂಕಿ ಕೊಟ್ಟದ್ದನ್ನು ತುಮಿನಿಯಾದ ನಾನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು.

"ಇದಕ್ಕೊಂದು ಸಹಿ ಹಾಕಿ ಬು. ಒಂದು ವಾರದಲ್ಲಿ ನಿಮ್ಮ ಹೆಸರು ಚೊಕ್ಕ."

"ಅವರದ್ದು?"

"ಅವರದ್ದು ಅವರು ಕಟ್ಕೋತಾರೆ. ನಿಮಗೆ ಮನೆ ಬೇಕಲ್ವಾ?"

ಹೊರಗೆ ಪಡಸಾಲೆಯಲ್ಲಿ ನಾನು ಹೇಳಿದ್ದನ್ನು ಇಲ್ಲಿ ಬರೆದೇ ತೀರಬೇಕು. ಮೂವತ್ತು ವರ್ಷ ಒಗ್ಗಟ್ಟು ಒಗ್ಗಟ್ಟು ಎಂದು ಗಂಟಲು ಹರಿದುಕೊಂಡ ನಾನು, "ಸಹಿ ಹಾಕು, ನಿನ್ನನ್ನ ಪಂಪಿನ ಹತ್ರ ಉಗಿದೋರಿಗಾಗಿ ಮನೆ ಯಾಕೆ ಕಳ್ಕೋತೀಯ?" ಅಂದೆ.

"ತಿಳಿದು ಕೊಟ್ರು ಅಂತ ಬರ್ದವ್ರೆ ಬಂಗ್. ಹೇಳು ಹೇಳು ಅಂದೋಳು ನಾನು. ನನಗೇ ತಿಳಿದಿರಲಿಲ್ಲ, ಇನ್ನು ಅವಕ್ಕೆಲ್ಲಿ?"

ಒಳಗೆ ಹೋಗಿ ಹಾಳೆ ವಾಪಸು ತಳ್ಳಿದಳು. ಟೀ ಮಾತ್ರ ಪೂರ್ತಿ ಕುಡಿದೇ ಎದ್ದಳು.

ಅಲ್ಲಿಂದ ಭಾನುವಾರಗಳೆಲ್ಲ ಅರ್ಜಿಗೇ ಹೋದವು. ಒಬ್ಬೊಬ್ಬರದ್ದೂ ಬೇರೆ ಬೇರೆ ದೂರು, ಆ ಮೊಬೈಲುಗಳು ನಮಗೆ ತಲುಪಿಲ್ಲ ಎನ್ನಲು ಒಬ್ಬೊಬ್ಬರಿಗೂ ಬೇರೆ ಬೇರೆ ಪುರಾವೆ. ಈಗ ತುಮಿನಿ ಯಾರಿಗೂ ಬರಿ ಜೆರಾಕ್ಸ್ ಕೊಡಲು ಬಿಡುತ್ತಿರಲಿಲ್ಲ. ಯಾವ ಕಚೇರಿಗೆ, ಯಾವ ಕೆಲಸಕ್ಕೆ, ಯಾವ ದಿನ ಎಂದು ಮುಖದ ಮೇಲೇ ಅಡ್ಡಡ್ಡ ಶಾಯಿಯಲ್ಲಿ ಬರೆಸುತ್ತಿದ್ದಳು. ಫೋನಿಗೆ ಬಂದ ಅಂಕಿ ಹೆತ್ತಮ್ಮ ಕೇಳಿದರೂ ಬಾಯಿ ಬಿಡಕೂಡದು, ಆರು ತಿಂಗಳಿಗೊಮ್ಮೆ ನಿಮ್ಮ ಹೆಸರಲ್ಲಿ ಯಾವ ಸಾಲ ಎದ್ದಿದೆ ಎಂದು ನೀವೇ ವಿಚಾರಿಸಬೇಕು ಎನ್ನುತ್ತಿದ್ದಳು. ಹೆಂಗಸರು ಹೇಳಿದ ಹಾಗೆ ಮಾಡಿದರು, ಸಹಿ ಹಾಕಿದರು. ಅವಳ ಜೊತೆ ಮಾತು ಮಾತ್ರ ಆಡಲಿಲ್ಲ.

ಡಿಸೆಂಬರ್ ಮುಗಿಯಿತು. ಮನೆ ಹೋಯಿತು, ಮುಂಗಡವೂ ಅದರ ಜೊತೆಗೇ. ಏಪ್ರಿಲಿನಲ್ಲಿ ಮೂವತ್ತು ಹೆಸರು ಚೊಕ್ಕವಾದವು. ಪೊಲೀಸರು ಸೇರಿಸಿದ್ದ ಆ ಎರಡು ಪದಗಳಿಂದಾಗಿ ಅವಳದ್ದು ಸೆಪ್ಟೆಂಬರಿಗೆ ಹೋಯಿತು. ಪತ್ರ ಹಿಡಿದು ಹೋದರೆ ಗುಮಾಸ್ತೆ ಅವಳ ವಯಸ್ಸು ಒತ್ತಿ, ಕಂತು ನೋಡಿ, "ಆಗಲ್ಲ ಬು" ಎಂದಳು. ಅಷ್ಟೇ.

ಮರುವರ್ಷ ಕೊಕೊಮ್ ಮತ್ತು ಅವಳ ಗಂಡನಿಗೆ ಮಾಜಾದಲ್ಲೇ ಮನೆ ಸಿಕ್ಕಿತು. ಬ್ಯಾಂಕಿನವರು ಇಬ್ಬರ ಹೆಸರನ್ನೂ ಜಾಲಾಡಿ ನೋಡಿದ್ದರು, ಕಲೆ ಇರಲಿಲ್ಲ. ಮನೆ ಒಕ್ಕಲಿನ ಊಟಕ್ಕೆ ಸಾಲುಕೋಣೆಯವರೆಲ್ಲ ಹೋದೆವು, ತುಮಿನಿಯೂ ಬಂದಳು. ಚಾಪೆ ಹಾಸಿ ಹಳದಿ ಅನ್ನ, ಹುರಿದ ಕೋಳಿ ಬಡಿಸಿದ್ದರು. ಕೊಕೊಮ್ ಹೊಸ ನೆರೆಯವರಿಗೆ ಅವಳನ್ನು ಪರಿಚಯಿಸಿದಳು.

"ಇವರೇ ಬು ತುಮಿನಿ. ಇವರ ದಯೆಯಿಂದ ಈ ಮನೆ ಒಂದು ವರ್ಷ ತಡ ಆಯ್ತು."

ಎಲ್ಲರೂ ನಕ್ಕರು. ಹದಿನಾಲ್ಕನೇ ಮಹಡಿಯ ಹಾಳೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹೇಳೋಣವೆಂದು ನಾನು ಬಾಯಿ ತೆರೆದೆ. ತುಮಿನಿ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಸುರಿದಳು.

"ತಿನ್ನು ಬಂಗ್. ನಾಲ್ಕರ ರೈಲು ತಪ್ಪಿದ್ರೆ ಆರರವರೆಗೂ ಇಲ್ಲ. ನಾಳೆ ನಂದು ಬೆಳಗಿನ ಪಾಳಿ."