ದೇವೀರಪ್ಪನ ಕೋಟಿನ ಎಡಭುಜ

ಕಡೂರಿನ ಪೇಟೆ ಬೀದಿಯಲ್ಲಿ ದರ್ಜಿ ಷಣ್ಮುಖಪ್ಪ ಮೂವತ್ತು ವರ್ಷ ಕೋಟು ಹೊಲಿದ. ಗೂನು ಬೆನ್ನು, ಸೊಟ್ಟ ಹೆಗಲು, ಬಡಕಲು ಎದೆ, ಯಾವುದರ ಗುಟ್ಟನ್ನೂ ಅವನ ಕೋಟು ಬಿಟ್ಟುಕೊಡುತ್ತಿರಲಿಲ್ಲ. ಯಾರ ಮೈಯಲ್ಲಿ ಏನು ಊನವೆಂದು ಹೆಂಡತಿಯ ಹತ್ತಿರವೂ ಆಡಿದವನಲ್ಲ.

ಇಡೀ ಸಂಸ್ಥಾನವನ್ನು ಬಡಿದ ಸಾಂಕ್ರಾಮಿಕ ಜ್ವರ ಬಂದುಹೋಗಿ ಎರಡು ವರ್ಷವಾಗಿತ್ತು. ಭಾದ್ರಪದದ ಒಂದು ಬೆಳಿಗ್ಗೆ ಶಿವನಿಯಿಂದ ರೈಲಿನಲ್ಲಿ ಬಂದ ಹೆಂಗಸೊಬ್ಬಳು ಅಂಗಡಿಯ ಜಗಲಿಯ ಮೇಲೆ ಗಂಟು ಬಿಚ್ಚಿದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಹೆಸರು ಮಲ್ಲಿಕಾಂಬ. ಕೊಬ್ಬರಿ ಮಾರಲು ಬೆಂಗಳೂರಿಗೆ ಹೋಗಿದ್ದ ಅವಳ ಗಂಡ ದೇವೀರಪ್ಪ ಜ್ವರದ ವರ್ಷ ಮರಳಿರಲಿಲ್ಲ. ಬಂದದ್ದು ಒಂದು ಕೋಟು, ಜೊತೆಗೆ ‘ದೇವೀರಪ್ಪ, ಕಡೂರು ಜಿಲ್ಲೆ’ ಎಂದು ಬರೆದ ಚೀಟಿ. ಅಲ್ಲಿ ರೋಗಿಗಳಿಗೆಂದು ಹಾಕಿದ್ದ ಜ್ವರದ ಶೆಡ್ಡಿನಲ್ಲಿ ಸತ್ತವರನ್ನೆಲ್ಲ ಒಟ್ಟಿಗೆ ಮಣ್ಣು ಮಾಡಿದ್ದರಂತೆ. ಮುಖ ನೋಡಿದ ನಂಟರು ಯಾರೂ ಇರಲಿಲ್ಲ.

“ಜಿಲ್ಲೇಲಿ ದೇವೀರಪ್ಪ ಅನ್ನೋರು ಎಷ್ಟು ಜನ ಇಲ್ಲ ಹೇಳಿ,” ಎಂದಳು. “ನಮ್ಮೋರ ಕೋಟು ಕರೀದು, ಹಿತ್ತಾಳೆ ಗುಂಡಿ. ಇದು ಬೂದಿ ಬಣ್ಣ, ಕೊಂಬಿನ ಗುಂಡಿ. ಯಾರ ಮನೇದೋ, ಪಾಪ, ಅವ್ರೂ ಕಾಯ್ತಿರ್ತಾರೆ. ನೀವು ಹೊಲ್ದಿದ್ದಾದ್ರೆ ಗುರ್ತು ಹೇಳಿ, ಕೊಟ್ಟು ಬತ್ತೀನಿ.”

ಷಣ್ಮುಖಪ್ಪ ಕೋಟನ್ನು ಬೆಳಕಿಗೆ ಹಿಡಿದ. ಸೋಂಕು ಕಳೆಯಲು ಶೆಡ್ಡಿನವರು ಅದ್ದಿದ ಕುದಿನೀರು ಮೇಲಿನ ಬಣ್ಣವನ್ನು ತಿಂದಿತ್ತು. ಹೊಲಿಗೆಯ ಮಡಿಕೆಯೊಳಗೆ ಕಪ್ಪು ಉಳಿದಿತ್ತು. ಕೊಂಬಿನ ಗುಂಡಿಗಳ ಸುತ್ತ ಹಿತ್ತಾಳೆಯ ಕಿಲುಬು ಹಸಿರು ಉಂಗುರದಂತೆ ಕಾಣುತ್ತಿತ್ತು. ಹಳೆಯ ಗುಂಡಿಗಳನ್ನು ಯಾರೋ ಕಿತ್ತುಕೊಂಡು ಇವನ್ನು ಹಾಕಿದ್ದರು.

ಅವನಿಗೆ ನೆನಪಾಯಿತು. ಆರು ವರ್ಷದ ಹಿಂದೆ ಮದುವೆಗೆಂದು ದೇವೀರಪ್ಪ ಅಳತೆ ಕೊಡಲು ಬಂದಿದ್ದ. ಚಿಕ್ಕವನಿದ್ದಾಗ ಗಾಡಿಯಿಂದ ಬಿದ್ದು ಎಡಭುಜ ಇಳಿದಿತ್ತು. “ಧಾರೆ ಹೊತ್ನಲ್ಲಿ ಹೆಣ್ಣಿನ ಕಡೆಯೋರ ಕಣ್ಣಿಗೆ ಬೀಳ್ಬಾರ್ದು ಕಣಪ್ಪಾ,” ಎಂದು ಮೆಲ್ಲಗೆ ಹೇಳಿದ್ದ. ಷಣ್ಮುಖಪ್ಪ ತನ್ನ ತಂದೆಯ ಹಳೆಯ ಕಂಬಳಿಯನ್ನು ಕತ್ತರಿಸಿ, ಭುಜದೊಳಗೆ ಮೂರು ಪದರ ಇಟ್ಟು ಹೊಲಿದಿದ್ದ.

ಗೊತ್ತಿಲ್ಲ ಎಂದು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಇವಳು ಈ ಗಂಟು ಹೊತ್ತು ಊರೂರು ಸುತ್ತುತ್ತಾಳೆ.

“ತಾಯಿ, ನಿಮ್ಮ ಯಜಮಾನರ ಎಡಭುಜ...”

“ಇಳಿದಿತ್ತು. ಕೋಟು ಹಾಕಿದ್ರೆ ಮಾತ್ರ ಕಾಣ್ತಿರ್ಲಿಲ್ಲ. ನಿಮ್ಗೆ ಹೆಂಗೆ ಗೊತ್ತು?”

ಅವನು ಕೋಟಿನ ಎಡಭುಜದ ಹೊಲಿಗೆ ಬಿಚ್ಚಿದ. ಒಂದರ ಮೇಲೊಂದು ಮೂರು ಕಂಬಳಿ ತುಂಡು. ಬಲಭುಜವನ್ನೂ ಬಿಚ್ಚಿ ತೋರಿಸಿದ; ಅಲ್ಲಿ ಏನೂ ಇರಲಿಲ್ಲ.

ಮಲ್ಲಿಕಾಂಬ ಆ ತುಂಡುಗಳನ್ನು ಮುಟ್ಟಿದಳು. ಬೀದಿಯಲ್ಲಿ ತೆಂಗಿನಕಾಯಿ ಗಾಡಿಗಳು ಸಾಲಾಗಿ ಹೋದವು. ಅಷ್ಟೂ ಹೋಗುವವರೆಗೆ ಅವಳು ತಲೆ ಎತ್ತಲಿಲ್ಲ.

“ಬಿಚ್ಚಿದ್ದನ್ನ ಹಂಗೇ ಹೊಲೀರಿ,” ಎಂದಳು ಕೊನೆಗೆ. “ಹರಿದಿರೋದನ್ನೂ ಸರಿ ಮಾಡಿ. ಹಿರಿಯರ ಹಬ್ಬಕ್ಕೆ ಬೇಕು.”

ಷಣ್ಮುಖಪ್ಪ ಬೇರೆ ಕೆಲಸ ಬದಿಗಿಟ್ಟ. ಒಳ ಅಂಚಿನಿಂದ ಎಳೆ ತೆಗೆದು ನುಸಿ ತಿಂದ ತೂತುಗಳಿಗೆ ರಫೂ ಹಾಕಿದ. ಅಣಲೆಕಾಯಿ ಮತ್ತು ಕಬ್ಬಿಣದ ನೀರಿನಲ್ಲಿ ಅದ್ದಿ ಮತ್ತೆ ಕಪ್ಪು ಮಾಡಿದ. ಬೀರೂರಿಗೆ ಹೋಗಿ ಹಿತ್ತಾಳೆ ಗುಂಡಿ ಹುಡುಕಿ ತಂದ. ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದಾಗ ಕೋಟು ಮದುಮಗನಿಗೆ ಕಾದಂತೆ ನಿಂತಿತು. ಅವನಿಗೆ ಅದರ ಕಡೆ ನೋಡಲಾಗಲಿಲ್ಲ.

ಅಮಾವಾಸ್ಯೆಯ ದಿನ ತಾನೇ ಶಿವನಿಗೆ ಒಯ್ದ. ಬಾಗಿಲಿಗೆ ಬಂದ ಮಲ್ಲಿಕಾಂಬಳ ಹಣೆ ಬರಿದಾಗಿತ್ತು, ಕೈ ಬರಿದಾಗಿತ್ತು. ಕೋಟನ್ನು ಮಣೆಯ ಮೇಲೆ ಮಡಿಸಿಟ್ಟು ವಿಭೂತಿ ಹಚ್ಚಿದಳು. ಮುಂದೆ ಎಲೆ ಹಾಕಿ ಹೋಳಿಗೆ, ಕಡುಬು, ಅನ್ನದ ಎಡೆ ಇಟ್ಟಳು. ಆಮೇಲೆ ನಂಟರ ಸಾಲಿನಲ್ಲಿ ಷಣ್ಮುಖಪ್ಪನಿಗೂ ಬಡಿಸಿದಳು.

ಅವನ ಕೈ ಎಲೆಯ ಮೇಲೆ ಹಾಗೇ ನಿಂತಿತ್ತು.

“ಉಣ್ಣಿ ಷಣ್ಮುಖಪ್ಪನೋರೆ,” ಎಂದಳು ಅವಳು, ತುಪ್ಪದ ಗಿಂಡಿ ಹಿಡಿದು. “ನೀವು ತಪ್ಪು ಮಾಡ್ಲಿಲ್ಲ. ಎರಡು ವರ್ಷ ಎಡೆ ಇಡದೆ ಹಟ ಮಾಡಿದ್ದು ನಾನು. ಅಷ್ಟು ದಿನವೂ ಅವ್ರು ಹಸ್ಕೊಂಡೇ ಇದ್ರಲ್ಲ.”

ಷಣ್ಮುಖಪ್ಪ ತಲೆ ತಗ್ಗಿಸಿ ಉಂಡ.