ಅಜ್ಜಿಗೆ ಒಂದು ಬಿತ್ತು

ಗೆಳೆಯರೇ, ನನ್ನ ಬಿಲ್ಲುಗಾತಿ ಇವತ್ತು ಸಾಯಬೇಕಿತ್ತು. ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಮನೆಯಲ್ಲಿ ದಾಳದ ಕಥೆಯಾಟ ನಡೆದಿತ್ತು: ತಂಗಿ ಸುಧಾ ಕಥೆ ಹೇಳುತ್ತಿದ್ದಳು, ನಾನು ಬಿಲ್ಲುಗಾತಿಯ ಪಾತ್ರವಾಗಿ ಆಡುತ್ತಿದ್ದೆ. ಬಿಲ್ಲುಗಾತಿಗೆ ಹಾವು ಕಚ್ಚಿತು, ಉಳಿಯುತ್ತಾಳೋ ಇಲ್ಲವೋ ಎಂದು ದಾಳ ಹಾಕಬೇಕು, ಆಗಲೇ ನೆಟ್ ಹೋಯಿತು. ಈ ಆಟದ ನಮ್ಮ ಆಪ್‌ನಲ್ಲಿ ಪಾತ್ರಗಳು ಆಫ್‌ಲೈನ್ ಸಿಗುತ್ತವೆ, ದಾಳಕ್ಕೆ ಮಾತ್ರ ನೆಟ್ ಬೇಕು. ಅಜ್ಜಿ ತನ್ನ ಹಿತ್ತಾಳೆಯ ದಾಯಕಟ್ಟೆ, ಅಂದರೆ ಉದ್ದನೆಯ ದಾಳ, ತಂದು ಉರುಳಿಸಿದಳು. ಬಿದ್ದದ್ದು ಒಂದು.

"ದಾಯ ಬಿದ್ದೋತು ಕಣ್ಣೂ! ನಿನ್ ಹುಡ್ಗಿ ಬದಕ್ಕಂಡ್ಲು!"

ಅಜ್ಜಿಯ ಆಟದಲ್ಲಿ ಒಂದು ಬಿದ್ದರೇ ಕಾಯಿಗೆ ಜೀವ. ನಮ್ಮದರಲ್ಲಿ ಒಂದು ಬಿದ್ದರೆ ಸಾವು. ಸುಧಾ ಅಜ್ಜಿಯ ಮುಖ ನೋಡಿದಳು.

"ಆಮಾ, ಹೌದಜ್ಜಿ, ಎದ್ದು ಕೂತ್ಕಂಡ್ಲು" ಎಂದು ಆ ಒಂದನ್ನು ಫೋನಿಗೆ ತುಂಬಿದಳು.

ಈಗ ನೆಟ್ ಬಂದಿದೆ. ದಾಳದಲ್ಲಿ ಒಂದು ಬಿದ್ದಿದೆ, ಬಿಲ್ಲುಗಾತಿಯನ್ನು ಅಳಿಸಲೇ ಎಂದು ಆಪ್ ಕೇಳುತ್ತಿದೆ. ಧೈರ್ಯವಿದ್ದರೆ ಅಜ್ಜಿಯನ್ನೇ ಕೇಳಲಿ.