ಮೂರು ಗೀಟಿನ ಸಟ್ಟುಗ

ಚಿಂತೆ ಮಾಡುವುದರಲ್ಲಿ ನಾನು ಪಳಗಿದ ಕೈ. ಬಸ್ಸು ಹತ್ತಿದರೆ ಮನೆಯ ಗ್ಯಾಸಿನ ಚಿಂತೆ, ಮನೆಯಲ್ಲಿದ್ದರೆ ಬಸ್ಸು ತಪ್ಪೀತೆಂಬ ಚಿಂತೆ. ಗಂಡನ ಸಕ್ಕರೆ ಕಾಯಿಲೆ, ಶಾಮಿಯಾನದ ಕಂಬಕ್ಕೆ ಸಿಡಿಲು, ಹೇಳಿದ್ದಕ್ಕಿಂತ ಹೆಚ್ಚು ಜನ ಉಣ್ಣಲು ಬಂದರೆ ತಟ್ಟೆ ಸಾಲದೇ ಹೋಗುವುದು, ಹೀಗೆ ಎಲ್ಲಕ್ಕೂ ಮುಂಗಡವಾಗಿ ಹೆದರಿಟ್ಟುಕೊಂಡಿದ್ದೆ. ಗಂಡ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಗೆ ಹೋಗಬಹುದು ಎಂಬುದೊಂದು ಮಾತ್ರ ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಅದೊಂದನ್ನು ಹೇಗೆ ಬಿಟ್ಟೆನೋ, ಈಗಲೂ ನಾಚಿಕೆಯಾಗುತ್ತದೆ.

ನಮ್ಮದು ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಗೆ ಹೋಗುವ ದಾರಿಯ ಊರು. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವುದು ಮಾವನ ಕಾಲದಿಂದ ನಮ್ಮ ಕಸುಬು. ಊರಿನ ಇನ್ನೊಂದು ತುದಿಯಲ್ಲಿ ಅದೇ ಕಸುಬಿನ ಇನ್ನೊಬ್ಬರಿದ್ದರು. ನಮ್ಮ ಪಾತ್ರೆಯ ಕಂಠದಲ್ಲಿ ಮೂರು ಗೀಟು, ಅವರದ್ದರಲ್ಲಿ ಒಂದು ಸೊನ್ನೆ. ಹೆಸರು ಕೆತ್ತುವವನು ಅಕ್ಷರಕ್ಕಿಷ್ಟು ಅಂತ ಕೇಳಿದ್ದಕ್ಕೆ ಮಾವ, "ಹೆಸರು ಬ್ಯಾಡ, ಮೂರು ಗೀಟು ಎಳೆ ಸಾಕು" ಅಂದಿದ್ದರಂತೆ. ಜನ ಅದನ್ನು ವಿಭೂತಿ ಅಂದುಕೊಂಡರು. ಮಾವನ ಜಿಪುಣತನ ಭಕ್ತಿಯ ಲೆಕ್ಕಕ್ಕೆ ಜಮಾ ಆಯಿತು.

ದೊಡ್ಡ ಮದುವೆಗೆ ಒಬ್ಬರ ಸಾಮಾನು ಸಾಲುತ್ತಿರಲಿಲ್ಲ. ಎರಡೂ ಕಡೆಯವು ಹೋಗುತ್ತಿದ್ದವು, ಒಂದೇ ಕಡೆ ತೊಳೆಸಿಕೊಳ್ಳುತ್ತಿದ್ದವು, ಕಲಸಿಹೋಗಿ ಬರುತ್ತಿದ್ದವು. ಮಾರನೇ ದಿನ ಎರಡು ಮನೆಯ ಹೆಂಗಸರು ಕೂತು ಗೀಟು ಈ ಕಡೆ, ಸೊನ್ನೆ ಆ ಕಡೆ ಅಂತ ಪಾತ್ರೆ ಬಿಡಿಸಬೇಕು. ಆ ಮನೆಯಾಕೆ ನನಗಿಂತ ಚಿಕ್ಕವಳು, ಬಾಯ್ತುಂಬ ಅಕ್ಕ ಅನ್ನುತ್ತಿದ್ದಳು. ಬಿಡಿಸುವುದಕ್ಕಿಂತ ಗಂಡಂದಿರನ್ನು ಆಡಿಕೊಳ್ಳುವುದೇ ಹೆಚ್ಚಾಗಿ ಎಷ್ಟೋ ಪಾತ್ರೆ ಆಕಡೆಯವು ಈಕಡೆ, ಈಕಡೆಯವು ಆಕಡೆ ಉಳಿಯುತ್ತಿದ್ದವು.

ಆಮೇಲೆ ನಮ್ಮವರು ಕುರ್ಚಿಗೆ ಬಿಳಿ ಬಟ್ಟೆ ಹೊದಿಸುವುದು ಫ್ರೀ ಅಂದರು. ಅವರು ಗೇಟಿಗೆ ಹೂವಿನ ಕಮಾನು ಫ್ರೀ ಅಂದರು. ಫ್ರೀ ಫ್ರೀ ಅನ್ನುತ್ತಲೇ ಮಾತು ಬಿಟ್ಟುಹೋಯಿತು, ಪಾತ್ರೆ ಬಿಡಿಸುವುದೂ ನಿಂತಿತು. ಒಂದು ದಿನ ಕಲ್ಯಾಣ ಮಂಟಪದ ಮುಂದೆ, ನಮಗೆ ಬಂದಿದ್ದ ಆರ್ಡರನ್ನು ಅವರು ಹಾರಿಸಿಕೊಂಡು ಹೋದಾಗ, ನಮ್ಮವರು ಎಲ್ಲರಿಗೂ ಕೇಳುವ ಹಾಗೆ ಕೂಗಿದರು: "ನೋಡ್ತಿರು, ನಿನ್ನ ಶಾಮಿಯಾನ ನಿನ್ನ ಮೇಲೇ ಹೊದಿಸ್ತೀನಿ!"

ಮಾರನೇ ಬೆಳಿಗ್ಗೆ ಆ ಮನುಷ್ಯ ತನ್ನ ಗೋಡೌನಿನ ಅಂಗಳದಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಪಕ್ಕದಲ್ಲಿ ಹಂಡೆಯ ಅಡುಗೆ ತಿರುವುವ ಉದ್ದನೆಯ ಕಬ್ಬಿಣದ ಸಟ್ಟುಗ. ಅದರ ಹಿಡಿಯ ಮೇಲೆ ಮೂರು ಗೀಟು.

ಕಂಡವರು ಯಾರೂ ಇರಲಿಲ್ಲ. ಒಂದು ಮಾತು, ಒಂದು ಸಟ್ಟುಗ, ಇಷ್ಟರ ಮೇಲೆ ಶಿಕ್ಷೆಯಾಯಿತು. ಆ ರಾತ್ರಿ ಇವರು ನನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು ಎಂದು ನಾನು ಹೇಳಿದೆ. ಹೆಂಡತಿಯ ಸಾಕ್ಷಿಗೆ ಎಷ್ಟು ಬೆಲೆಯೋ ಅಷ್ಟೇ ಸಿಕ್ಕಿತು.

ತೀರ್ಪಿನ ಮರುದಿನವೇ ಶಿಕಾರಿಪುರದಿಂದ ನನ್ನ ಅಣ್ಣ ಬಂದ. "ತಂಗಿ, ನನ್ನ ಮಾತು ಕೇಳು. ಆ ಗೀಟು ಉಜ್ಜಿಸಿ ತೆಗಿ. ಬೋರ್ಡು ಬದಲಾಯಿಸು. ಇಲ್ಲಾಂದ್ರ ಸಾಮಾನೆಲ್ಲ ತುಂಬಿಕೊಂಡು ನಮ್ಮೂರಿಗೆ ಬಾ. ಈ ಗುರುತು ನೋಡಿದ್ರ ಯಾರು ಉಣ್ತಾರ?"

"ಉಜ್ಜಿದ್ರೆ ಏನಾಗ್ತದೆ ಗೊತ್ತಾ? ನಾವೇ ಹೊಡೆದದ್ದು ಅಂತ ನಾನೇ ಸಹಿ ಹಾಕಿಕೊಟ್ಟ ಹಾಗೆ."

"ನಿನಗೆ ಮೊದಲಿಂದ ಹೆದರಿಕಿ ಜಾಸ್ತಿ. ಈಗ ಹೆದರಬೇಕಾದಾಗ ಯಾಕ ಹೆದರವಲ್ಲಿ?"

ಅವನ ಪ್ರಶ್ನೆಯೇನೋ ಸರಿಯಾಗಿತ್ತು. ನನಗೂ ಅದೇ ಆಶ್ಚರ್ಯ. ಹೈಕೋರ್ಟಿಗೆ ಅಪೀಲು ಹಾಕಿದೆವು. ನಾನು ದಿನಾ ಬಾಗಿಲು ತೆಗೆದು, ಯಾರೂ ಕೇಳದ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಗೀಟು ಕಾಣುವ ಹಾಗೆ ರಸ್ತೆಗೆ ಮುಖ ಮಾಡಿ ಜೋಡಿಸುತ್ತಿದ್ದೆ. ಒಳಗೆ ಹೋಗಿ ಬಿಪಿ ಮಾತ್ರೆ ನುಂಗುತ್ತಿದ್ದೆ.

ಒಂದು ಮಧ್ಯಾಹ್ನ ಹೈಕೋರ್ಟಿನ ವಕೀಲೆ ಫೋನು ಮಾಡಿದರು. ಪೊಲೀಸರು ಸಟ್ಟುಗ ಜಪ್ತಿ ಮಾಡಿದಾಗ ಪಂಚನಾಗಿ ಸಹಿ ಹಾಕಿದ್ದ ನಮ್ಮೂರಿನವನು ಪಾಟೀಸವಾಲಿನಲ್ಲಿ ಹೇಳಿದ್ದನ್ನು ಓದಿದರು. ಈ ಗುರುತಿನ ಸಾಮಾನು ಬೇರೆ ಕಡೆಯೂ ಇರುತ್ತದೆಯೇ ಎಂದು ಕೇಳಿದ್ದಕ್ಕೆ ಅವನು ರೇಗಿ, "ನಮ್ಮನೇಲೂ ಇವರದ್ದೊಂದು ಬಕೆಟ್ಟದೆ. ಹಾಗಂತ ನಾನು ಕಳ್ಳನಾ ಸ್ವಾಮಿ?" ಅಂದಿದ್ದನಂತೆ. ಕೋರ್ಟಿನಲ್ಲಿ ಎಲ್ಲರೂ ನಕ್ಕಿದ್ದು ನನಗೂ ನೆನಪಿತ್ತು. ನಕ್ಕ ಮೇಲೆ ಎಲ್ಲರೂ ಅದನ್ನು ಮರೆತಿದ್ದರು, ನಾನೂ.

"ಇದು ನಿಜವೇನಮ್ಮ?" ವಕೀಲೆ ಕೇಳಿದರು.

"ನಿಜವಾ ಅಂತ ಕೇಳ್ತೀರಲ್ಲ ಮೇಡಂ! ಊರಲ್ಲಿ ನಮ್ಮ ಪಾತ್ರೆ ಇಲ್ಲದ ಮನೆ ಯಾವುದದೆ? ಮದುವೆಗೆ ಒಯ್ದವರು ಒಂದೆರಡು ಇಟ್ಕೊಳ್ಳದೆ ಬಿಟ್ಟಿದ್ದುಂಟಾ?"

ಫೋನಿಟ್ಟ ಮೇಲೆ ಮೈ ಉರಿಯಿತು. ಟೆಂಪೊ ಡ್ರೈವರನ್ನು ಕರೆಸಿ, ಮೊದಲು ಆ ಪಂಚನ ಮನೆಗೇ ಹೋದೆ. ಬಕೆಟ್ಟು ಕೊಟ್ಟಿಗೆಯಲ್ಲಿತ್ತು. ಅವನ ತಾಯಿ, "ಅಯ್ಯೋ, ಇದು ನಿಮ್ಮದಾ ಮಾರಾಯ್ತಿ? ನಮ್ಮ ಎಮ್ಮೆಗೆ ಇದ್ರಲ್ಲೇ ಅಭ್ಯಾಸ ಆಗ್ಬಿಟ್ಟದೆ" ಅಂದಳು.

"ಎಮ್ಮೆಗೆ ನನ್ನ ಪರವಾಗಿ ಕ್ಷಮೆ ಕೇಳಿ" ಅಂದು ಟೆಂಪೊಗೆ ಎಸೆದೆ. ಮನೆ ಮನೆಗೂ ಹೋದೆ. ಒಬ್ಬರ ಮನೆಯಲ್ಲಿ ನಮ್ಮ ಬಾಣಲೆ ಕೋಳಿಮರಿಗಳ ಮೇಲೆ ಕವುಚಿತ್ತು, ಇನ್ನೊಬ್ಬರ ಬೋಗುಣಿಯಲ್ಲಿ ತುಳಸಿ ಬೆಳೆದಿತ್ತು. ಕೊಲೆಗಾರರ ಪಾತ್ರೆ ಮುಟ್ಟುವುದಿಲ್ಲ ಅಂದವರೆಲ್ಲ ಅದರಲ್ಲೇ ಹಾಲು ಕಾಸುತ್ತಿದ್ದರು. ದಾರಿಯುದ್ದಕ್ಕೂ ಟೆಂಪೊ ಗಲಗಲ ಅನ್ನುತ್ತಿತ್ತು. ಸದ್ದಾಗಲಿ ಎಂದು ನಾನೂ ಹಗ್ಗ ಬಿಗಿಸಲಿಲ್ಲ.

ಕೊನೆಗೆ ನಮ್ಮಲ್ಲಿ ಉಳಿದಿದ್ದ ಸೊನ್ನೆ ಪಾತ್ರೆಗಳನ್ನು ತುಂಬಿಕೊಂಡು ಸತ್ತವನ ಮನೆಗೆ ಹೋದೆ. ಜನ ಹಿಂದೆ ಬಂದರು. ಅವನ ಹೆಂಡತಿ ಹೊಸ್ತಿಲಲ್ಲೇ ನಿಂತಳು. ಅಕ್ಕ ಅನ್ನಲಿಲ್ಲ.

"ಇವು ನಿಮ್ಮವು. ತಂದಿದೀನಿ" ಅಂದೆ.

"ಇಳಿಸಿ ಹೋಗು. ನಿಮ್ಮದು ಒಂದು ಚೂರೂ ನನ್ನ ಮನೇಲಿ ಇರೋದು ಬೇಡ."

ಗೋಡೌನಿಗೆ ಹೋಗಿ ನಮ್ಮ ಹಂಡೆಯ ಮುಚ್ಚಳ, ನಮ್ಮ ಸಾರಿನ ಬಕೆಟ್ಟುಗಳನ್ನು ಅಂಗಳಕ್ಕೆ ಎಸೆದಳು. ಕೊನೆಗೆ ಒಂದು ಉದ್ದನೆಯ ಸಟ್ಟುಗ ಎಳೆದುಕೊಂಡು ಬಂದಳು. ಎಸೆಯಲು ಎತ್ತಿದವಳು ಹಿಡಿಯ ಮೇಲಿನ ಮೂರು ಗೀಟು ನೋಡಿ ನಿಂತುಬಿಟ್ಟಳು. ಅವಳ ಗಂಡನ ಪಕ್ಕ ಬಿದ್ದಿದ್ದಂಥದ್ದೇ ಸಟ್ಟುಗ, ಅವಳದ್ದೇ ಗೋಡೌನಿನಿಂದ, ಅವಳ ಕೈಯಲ್ಲೇ ಇತ್ತು.

"ನಿನ್ನ ಗಂಡ ಹೊಡೀಲಿಲ್ಲ ಅಂತ ನಾನು ಹೇಳೋದಿಲ್ಲ" ಅಂದಳು.

"ಹೊಡೆದದ್ದು ನೋಡಿದೀನಿ ಅಂತಾನೂ ನೀನು ಹೇಳಿಲ್ಲ."

ಸಟ್ಟುಗವನ್ನು ಎಸೆಯದೆ, ನನ್ನ ಕೈಗೇ ಕೊಟ್ಟಳು. "ಗೋಡೌನಲ್ಲಿ ನಿಮ್ಮ ಸಾಮಾನು ಇದಾವಾ ಅಂತ ನನ್ನ ಯಾರೂ ಕೇಳ್ಲಿಲ್ಲ" ಅಂದು ಬಾಗಿಲು ಹಾಕಿಕೊಂಡಳು.

ಇದನ್ನೆಲ್ಲ ವಕೀಲೆಗೆ ಒಂದೇ ಉಸಿರಲ್ಲಿ ಹೇಳಿದೆ. ಅಂಗಳದಲ್ಲಿ ನಡೆದದ್ದನ್ನು ಈಗ ಹಾಗೆಯೇ ಕೋರ್ಟಿನೊಳಗೆ ತರಲಾಗದು, ಆದರೆ ಬಕೆಟ್ಟಿನ ಮಾತು ದಾಖಲೆಯಲ್ಲೇ ಇದೆ, ಅದು ಸಾಕು ಎಂದರು. ಸಾಕಾಯಿತು. ಊರಿನ ಯಾರ ಮನೆಯಲ್ಲಾದರೂ ಇರಬಹುದಾದ ವಸ್ತು, ಸಿಟ್ಟಿನಲ್ಲಿ ಆಡಿದ ಮಾತು, ಇವೆರಡರಿಂದ ಅಪರಾಧ ಸಾಬೀತಾಗದು ಎಂದು ಹೈಕೋರ್ಟು ಶಿಕ್ಷೆ ರದ್ದು ಮಾಡಿತು.

ಕೊಂದವರು ಯಾರು? ನನಗೆ ಗೊತ್ತಿಲ್ಲ. ಆ ಬಾಗಿಲಿನ ಹಿಂದಿರುವವಳಿಗೆ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಉತ್ತರ ಸಿಗದವರಿಗೆಲ್ಲ ಹಂಚಲು ನನ್ನ ಗಂಡ ಪ್ರಸಾದವಲ್ಲ.

ಮನೆಗೆ ಬಂದವರು ಸೊರಗಿದ್ದರು. ಇವರು ಅಂಗಡಿ ಕಟ್ಟೆಯ ಮೇಲೆ ಕೂತರೆ ದಾರಿಯಲ್ಲಿ ಹೋಗುವವರು, "ಸಾಕ್ಷಿ ಸಾಲದೆ ಬಿಟ್ರಂತಲ್ಲ?" ಎಂದು ನನ್ನನ್ನು ಕೇಳುತ್ತಿದ್ದರು. "ಹೌದ್ರೀ. ನಿಮ್ಮನ್ನ ಹೊರಗೆ ಬಿಟ್ಟಿರೋದೂ ಅದಕ್ಕೇ" ಅಂತಿದ್ದೆ.

ಒಂದು ಸಂಜೆ ಇವರು ಮೆಲ್ಲಗೆ, "ಅದನ್ನ ಉಜ್ಜಿಸಿಬಿಡೋಣ ಕಣೇ. ಗೀಟು ನೋಡಿದ್ರೆ ನನಗೇ ಹೆದರಿಕೆಯಾಗ್ತದೆ" ಅಂದರು.

ಇಷ್ಟು ವರ್ಷ ನನ್ನ ಹೆದರಿಕೆಯನ್ನು ಆಡಿಕೊಂಡು ನಕ್ಕವರು! ನಗಬಹುದಿತ್ತು, ನಗಲಿಲ್ಲ. "ಹೆದರೋ ಕೆಲಸ ಈ ಮನೇಲಿ ನಂದು. ಅದನ್ನೂ ಕಿತ್ಕೋಬೇಡಿ" ಅಂದೆ.

ಕೋರ್ಟಿನಲ್ಲಿ ಉಳಿದ ಸಟ್ಟುಗದ ಬದಲಿಗೆ ಹೊಸದೊಂದು ಮಾಡಿಸಿದೆ. ಗುರುತು ಹಾಕುವವನು ಉಳಿ ಹಿಡಿದು ನಮ್ಮಿಬ್ಬರ ಮುಖ ನೋಡಿದ. "ಸಣ್ಣಗೆ ಹಾಕ್ಲೇನಮ್ಮ? ಅಷ್ಟು ಕಾಣದ ಹಾಗೆ?"

"ಆಳವಾಗಿ ಹೊಡಿ. ಹಂಡೆಯ ಆಚೆ ನಿಂತವರಿಗೂ ಕಾಣಬೇಕು."

ಮೊದಲನೆಯ ಏಟಿಗೆ ಸಟ್ಟುಗ ಜಾರಿತು. ಎರಡನೆಯದಕ್ಕೂ ಜಾರಿತು. ಕಟ್ಟೆಯ ಮೇಲಿದ್ದ ಇವರು ಎದ್ದು ಬಂದು, ಅದರ ತುದಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡರು.